ಎಂಟನೇ ಪುಟದಲ್ಲಿ ಶುರುವಾದ ಪ್ರಬಂಧ

ಎಂ.ಎ. ಮೊದಲ ವರ್ಷದಲ್ಲಿ ನಾನು ಬರೆದ ಮೊದಲ ಪ್ರಬಂಧ ನೋಡುವುದಕ್ಕೆ ಬಲು ಚಂದ ಇತ್ತು. ಹನ್ನೊಂದು ಪುಟ. ಪ್ರತಿ ಪುಟದ ಸುತ್ತ ಹಸಿರು ಸ್ಕೆಚ್‌ಪೆನ್ನಿನ ಗೆರೆ, ತಲೆಬರಹಗಳಿಗೆ ಕೆಂಪು, ಮುಖಪುಟದ ಮೇಲೆ ಎರಡು ಗುಲಾಬಿ ಹೂವು. ವಿಷಯ ‘ಭಾಷೆ ಮತ್ತು ಸಮಾಜ’. ಮೊದಲ ವಾಕ್ಯ: ‘ಅನಾದಿ ಕಾಲದಿಂದಲೂ ಭಾಷೆಯು ಮಾನವನ ಸಂವಹನದ ಅತ್ಯಂತ ಪ್ರಮುಖ ಸಾಧನವಾಗಿರುವುದನ್ನು ನಾವು ಕಾಣಬಹುದಾಗಿದೆ.’ ಬರೆದು ಮುಗಿಸಿ ನಾನೇ ಎರಡು ಸಲ ಜೋರಾಗಿ ಓದಿಕೊಂಡಿದ್ದೆ. ‘ಕಾಣಬಹುದಾಗಿದೆ’ ಎಂಬ ಮಾತು ಬಾಯಿಂದ ಹೊರಟಾಗ ನಾನು ಮಸ್ಕಿಯ ಬಳೆಗಾರ್ತಿಯ ಮಗಳಲ್ಲ, ಯಾವುದೋ ವಿಶ್ವವಿದ್ಯಾಲಯದ ಕುಲಪತಿ ಅನ್ನಿಸಿತ್ತು.

ನಮ್ಮ ಕಾಲೇಜು ಸಿಂಧನೂರಿನಲ್ಲಿತ್ತು. ಪ್ರಬಂಧ ಬರೆಸುತ್ತಿದ್ದ ಮೇಡಮ್ ಅತಿಥಿ ಉಪನ್ಯಾಸಕಿ, ದಿನಾ ಲಿಂಗಸುಗೂರಿನಿಂದ ಬಸ್ಸಿಗೆ ಬರುತ್ತಿದ್ದರು. ಸಣ್ಣ ಆಳು, ದೊಡ್ಡ ದನಿ. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಗಿಸಿಕೊಂಡಿರುತ್ತಿದ್ದರು. ಕೆಂಪು ಪೆನ್ನು ಮುಟ್ಟುತ್ತಿರಲಿಲ್ಲ. “ಕೆಂಪು ಪೆನ್ನು ಕಂಡ್ರ ನೀವು ಓದೋದು ಬಿಟ್ಟು ಅಳಾಕ ಕುಂದರ್ತೀರಿ. ಪೆನ್ಸಿಲ್ ಆದ್ರ ನನ್ನ ಕೂಡ ಜಗಳಾಡ್ತೀರಿ. ನನಗ ಜಗಳ ಬೇಕು” ಅನ್ನುತ್ತಿದ್ದರು.

ಮರುವಾರ ಎಲ್ಲರ ಪ್ರಬಂಧಗಳೂ ವಾಪಸು ಬಂದವು. ನನ್ನದನ್ನು ತಿರುವಿದೆ. ಒಂದನೇ ಪುಟದಲ್ಲಿ ಒಂದು ಗೆರೆಯೂ ಇಲ್ಲ. ಎರಡು, ಮೂರು, ಏಳನೇ ಪುಟದವರೆಗೂ ಪೆನ್ಸಿಲ್ ತಾಗಿಯೇ ಇಲ್ಲ. ತಪ್ಪೇ ಸಿಕ್ಕಿಲ್ಲ ಎಂದು ಒಳಗೊಳಗೇ ಉಬ್ಬಿದೆ. ಎಂಟನೇ ಪುಟದ ನಡುವೆ ಒಂದು ವಾಕ್ಯದ ಕೆಳಗೆ ಗೆರೆ, ಪಕ್ಕದಲ್ಲಿ ಸಣ್ಣ ಅಕ್ಷರ: ‘ನಿನ್ನ ಪ್ರಬಂಧ ಇಲ್ಲಿಂದ ಶುರುವಾಗುತ್ತದೆ.’ ಅದಾದ ಮೇಲೆ ಮತ್ತೆ ಖಾಲಿ.

ಆ ವಾಕ್ಯ ಹೀಗಿತ್ತು: ‘ಮಸ್ಕಿ ಸಂತೆಯಲ್ಲಿ ಬಳೆ ಮಾರುವ ನನ್ನ ತಾಯಿ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾಳೆ.’ ನಿಜ ಹೇಳಬೇಕೆಂದರೆ ಅದನ್ನು ಬರೆದದ್ದು ಜಾಗ ತುಂಬಿಸುವುದಕ್ಕೆ. ಗ್ರಂಥಾಲಯದ ಗೈಡಿನಿಂದ ಆ ಭಾಗದ ಒಂದು ಹಾಳೆಯನ್ನು ನನಗಿಂತ ಮೊದಲು ಯಾರೋ ಹರಿದುಕೊಂಡು ಹೋಗಿದ್ದರು. ಮುಂದಿನ ಹಾಳೆ ಸಿಗುವವರೆಗೆ ಏನಾದರೂ ಬರೆಯಬೇಕಿತ್ತಲ್ಲ, ಅಮ್ಮಿ ನೆನಪಾಗಿದ್ದಳು.

ಜಗಳ ಬೇಕು ಅಂದಿದ್ದರಲ್ಲ, ಎದ್ದು ನಿಂತೆ. “ಮೇಡಮ್, ಏಳು ಪುಟ ಓದಿಲ್ಲೇನ್ರೀ?”

“ಓದೀನವಾ. ನೀ ಬರದಿದ್ದು ಹುಡುಕಾಕತ್ತಿದ್ದೆ. ಎಂಟನೇ ಪುಟಕ್ಕ ಸಿಕ್ತು.” ಆಮೇಲೆ ನನ್ನ ಮೊದಲ ವಾಕ್ಯವನ್ನು ಇಡೀ ತರಗತಿಗೆ ಓದಿ ಹೇಳಿ ಕೇಳಿದರು: “ಅನಾದಿ ಕಾಲದಾಗ ನೀ ಇದ್ದೇನು?”

“ಇಲ್ರೀ.”

“ಮತ್ತ ನಿನಗ ಹೆಂಗ ಗೊತ್ತು?”

“ಗೈಡಿನಾಗ ಐತ್ರೀ.”

“ಗೈಡ್ ಬರದಾವ ಇದ್ದನೇನು?”

ಹುಡುಗರು ಬೆಂಚು ಬಡಿದು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಗು ನಿಂತ ಮೇಲೆ ಅವರು ಹೇಳಿದ್ದು ಒಂದೇ ಮಾತು: “ನೀ ನನಗ ವಿಷಯ ತಂದಿ. ಭಾಷೆ ಮತ್ತು ಸಮಾಜ! ಅದು ಎಷ್ಟು ದೊಡ್ಡದೈತಿ ಅಂದ್ರ ಅದರಾಗ ಯಾರೂ ಸಿಗಂಗಿಲ್ಲ. ವಿಷಯ ಬ್ಯಾಡ, ಒಂದು ಸವಾಲು ತಾ. ನಿನಗ ಜವಾಬು ಗೊತ್ತಿರಲಾರದ ಸವಾಲು.”

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೇ ಹೋಗುವುದರಿಂದ ಸಂಜೆ ನಾವಿಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಮೊದಲೆಲ್ಲ ಅವರನ್ನು ಕಂಡರೆ ನಾನು ಹಿಂದಿನ ಸೀಟಿಗೆ ಜಾರುತ್ತಿದ್ದೆ. ಅವತ್ತು ಅವರೇ ಕೈ ಹಿಡಿದು ಪಕ್ಕ ಕೂರಿಸಿಕೊಂಡರು. ಗದ್ದೆಗಳು ಹಿಂದೆ ಸರಿದು ಒಣ ಹೊಲಗಳು ಬರುವ ಹೊತ್ತಿಗೆ ನನ್ನ ಸವಾಲು ತಯಾರಾಗಿತ್ತು: ಬಳೆ ವ್ಯಾಪಾರದಲ್ಲಿ ಯಾವ ಭಾಷೆ ಆಡಬೇಕೆಂದು ಯಾರು ತೀರ್ಮಾನಿಸುತ್ತಾರೆ, ಮಾರುವವಳೋ ಕೊಳ್ಳುವವಳೋ?

“ಕೊಳ್ಳಾಕೀನ್ರೀ, ಇದರಾಗ ಕೇಳೋದೇನೈತಿ?” ಅಂದೆ. “ಗಿರಾಕಿ ತೆಲುಗಿನಾಕಿ ಇದ್ರ ನಮ್ಮ ಅಮ್ಮಿ ತೆಲುಗು ಮಾತಾಡ್ತಾಳ.”

“ನೀ ನೋಡಿಯೇನು?”

“ಸಣ್ಣಾಕಿ ಇದ್ದಾಗಿಂದ ನೋಡೀನ್ರೀ.”

“ಸಣ್ಣಾಕಿ ಇದ್ದಾಗ ನೋಡಿದ್ದು ನೆನಪು. ಈಗ ಹೋಗಿ ಬರಕೊಂಡು ಬಂದ್ರ ಪುರಾವೆ. ನನಗ ಪುರಾವೆ ತಾ.”

ಮನೆಗೆ ಬಂದು ಅಮ್ಮಿಗೆ ಹೇಳಿದೆ. ಅಮ್ಮಿ ಓದಿದ್ದು ನಾಲ್ಕನೇ ಇಯತ್ತೆ. ಮನೆಯಲ್ಲಿ ನಮ್ಮದು ದಖ್ನಿ, ಬೀದಿಗಿಳಿದರೆ ಕನ್ನಡ. ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಆದರೆ ಅದರ ಅರ್ಧ ರುಚಿ ದಖ್ನಿಯಲ್ಲೇ ಉಳಿದುಬಿಡುತ್ತದೆ ಅನ್ನುವುದು ನಿಮಗೆ ಗೊತ್ತಿರಲಿ.

“ನನ್ನ ಮ್ಯಾಲ ಪ್ರಬಂಧ?” ಅಮ್ಮಿ ಬಳೆ ಜೋಡಿಸುವುದನ್ನು ನಿಲ್ಲಿಸಿದಳು. “ಫೋಟೋ ಹಾಕ್ತಾರಾ?”

“ಫೋಟೋ ಇರಂಗಿಲ್ಲ ಅಮ್ಮಿ. ನೀ ಮಾತಾಡೋದು ನಾ ರೆಕಾರ್ಡ್ ಮಾಡ್ಕೊಂತೀನಿ, ಅಷ್ಟ.”

“ಫೋಟೋ ಇಲ್ಲಂದ್ರ ನಕ್ಕೋ, ಬ್ಯಾಡ” ಅಂದಳು. ಮಾರನೇ ದಿನ ನೋಡಿದರೆ ಹೊಸ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮೊದಲು ಹೋದದ್ದು ಪಾಮನಕಲ್ಲೂರಿಗೆ. ಅಲ್ಲಿ ಅಮ್ಮಿಗೆ ಖಾಯಂ ಮನೆಗಳಿವೆ. ನನ್ನ ಮೊಬೈಲನ್ನು ರೆಕಾರ್ಡಿಂಗಿಗೆ ಇಟ್ಟು ಯಾರಿಗೂ ಕಾಣದ ಹಾಗೆ ಬಳೆ ಚೀಲದೊಳಗೆ ಇಳಿಬಿಟ್ಟಿದ್ದೆ. ಒಳ್ಳೇ ಉಪಾಯ ಅಂದುಕೊಂಡಿದ್ದೆ. ಸಂಜೆ ಕೇಳಿದರೆ ಎರಡು ತಾಸು ಬರೀ ಬಳೆ ಸದ್ದು. ಝಣ ಝಣ ಝಣ, ನಡುವೆ ಎಲ್ಲೋ ಒಂದು ಆಡು ಕೂಗಿದ್ದು ಮಾತ್ರ ಸ್ಪಷ್ಟ.

ಅದಕ್ಕಿಂತ ದೊಡ್ಡ ತೊಂದರೆ ಅಮ್ಮಿಯದೇ. ತನ್ನ ಮಾತು ಕಾಲೇಜಿಗೆ ಹೋಗುತ್ತದೆ ಎಂದು ಗೊತ್ತಾದ ಕೂಡಲೇ ಅವಳ ನಾಲಿಗೆಗೆ ಟಿವಿ ವಾರ್ತೆ ಓದುವವಳು ಹೊಕ್ಕಿದ್ದಳು. ಇಪ್ಪತ್ತು ವರ್ಷದಿಂದ ತನ್ನಿಂದಲೇ ಬಳೆ ಇಡಿಸಿಕೊಳ್ಳುತ್ತಿರುವ ರೈತರ ಮನೆಯ ಹೆಂಗಸಿಗೆ, ಬೆನ್ನು ನೆಟ್ಟಗೆ ಮಾಡಿ ಕೇಳಿದಳು: “ತಾವು ಯಾವ ಬಣ್ಣದ ಬಳೆಯನ್ನು ಬಯಸುತ್ತೀರಿ?”

ಆ ಹೆಂಗಸು ಅಮ್ಮಿಯ ಹಣೆ ಮುಟ್ಟಿ ನೋಡಿದಳು. “ಯಾಕಬೇ, ಜ್ವರ ಬಂದಾವೇನು?”

“ಇಲ್ಲ, ನಾನು ಆರೋಗ್ಯವಾಗಿದ್ದೇನೆ” ಅಂದಳು ಅಮ್ಮಿ.

ಆ ಹೆಂಗಸು ನನ್ನ ಕಡೆ ತಿರುಗಿ, “ಲೇ ಹುಡುಗಿ, ನಿಮ್ಮವ್ವನ್ನ ಮೊದಲ ದವಾಖಾನಿಗೆ ಕರಕೊಂಡು ಹೋಗು” ಅಂದಾಗ ನನಗೆ ನಗು ತಡೆಯಲಾಗದೆ ಅಂಗಳಕ್ಕೆ ಓಡಿಹೋದೆ.

ಬಸ್ಸಿನಲ್ಲಿ ಇದನ್ನು ಹೇಳಿದರೆ ಮೇಡಮ್ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಪೆನ್ಸಿಲ್ ತೆಗೆದರು. “ಇದನ್ನೂ ಬರಿ. ನೀ ನೋಡಾಕ ಹೋದಿ ಅಂತ ಆಕೀ ಮಾತು ಬದಲಾತು. ಮುಚ್ಚಿಡಬ್ಯಾಡ. ಇನ್ನೊಂದು, ಹೇಳಲಾರದ ರೆಕಾರ್ಡ್ ಮಾಡೋದು ಸರಿ ಅಲ್ಲ. ಅವರನ್ನ ಕೇಳು. ಮೊಬೈಲ್ ಬಿಡು, ನೋಟಬುಕ್ ಹಿಡಿ. ಬಳಿ ಹೊತ್ತು ತಿರುಗು. ನಾಕು ದಿನ ಆದ ಮ್ಯಾಲ ಆಕೀಗೆ ನೀ ಇರೋದು ಮರತು ಹೋಗ್ತದ.”

ನಾಲ್ಕು ದಿನ ಬೇಕಾಗಲಿಲ್ಲ. ಚೀಲ ಹೊತ್ತು ಎರಡನೇ ದಿನವೇ ನಾನು ಎರಡು ಡಜನ್ ಹಸಿರು ಗಾಜಿನ ಬಳೆ ಒಡೆದೆ. ಅಮ್ಮಿ ಸಿಟ್ಟಿನಲ್ಲಿ ವಾರ್ತೆಯವಳನ್ನು ಮರೆತು, ದಖ್ನಿ ಕನ್ನಡ ತೆಲುಗು ಮೂರರಲ್ಲೂ ಬೈದಳು. ಅವತ್ತಿನಿಂದ ಅವಳ ಮಾತು ಹಾದಿಗೆ ಬಂತು.

ಗೊರೇಬಾಳದಲ್ಲಿ ತೆಲುಗು ಮಾತಾಡುವ ಒಂದು ಮನೆ. ನನ್ನ ಲೆಕ್ಕದ ಪ್ರಕಾರ ಅಲ್ಲಿ ತೆಲುಗು ನಡೆಯಬೇಕು. ಆದರೆ ಆ ಮನೆಯ ಸೊಸೆ ಕನ್ನಡದಲ್ಲೇ ಬಣ್ಣ ಕೇಳಿದಳು, ಕನ್ನಡದಲ್ಲೇ ಚೌಕಾಸಿ ಮಾಡಿದಳು, ಅಮ್ಮಿ ಕನ್ನಡದಲ್ಲೇ ಜವಾಬು ಕೊಟ್ಟಳು. ತೆಲುಗು ಎಲ್ಲಿ ಹೋಯಿತು? ನಾನು ನೋಟಬುಕ್ಕಿನಲ್ಲಿ ‘ಕನ್ನಡ’ ಎಂದು ಬರೆದು, ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ನನ್ನ ಪ್ರಬಂಧ ಅಲ್ಲಿಗೇ ಸತ್ತಿತ್ತು.

ಗುಟ್ಟು ಬಿಟ್ಟುಕೊಟ್ಟದ್ದು ಆರ್.ಎಚ್. ಕ್ಯಾಂಪು. ಅಲ್ಲಿ ನಿರಾಶ್ರಿತರಾಗಿ ಬಂದ ಬಂಗಾಳಿಗಳು ನಾನು ಹುಟ್ಟುವುದಕ್ಕಿಂತ ಮೊದಲಿನಿಂದ ಇದ್ದಾರೆ. ಮದುವೆಯಾದ ಹೆಂಗಸರು ಬಿಳಿ ಶಂಖದ ಬಳೆಯ ಜೊತೆಗೆ ಕೆಂಪು ಬಳೆಯೂ ಇಟ್ಟುಕೊಳ್ಳುತ್ತಾರೆ. ಶಂಖದ್ದು ದೂರದಿಂದ ತರಿಸುತ್ತಾರೆ, ಕೆಂಪಿನದಕ್ಕೆ ಅಮ್ಮಿ ಬೇಕು. ಭತ್ತದ ಹುಲ್ಲಿನ ಬಣವೆಯ ನೆರಳಿನಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಅಮ್ಮಿ ತನಗೆ ಬರುವ ಹತ್ತೋ ಹನ್ನೆರಡೋ ಬಂಗಾಳಿ ಪದಗಳಲ್ಲಿ ನಾಲ್ಕನ್ನು ಹೊರತೆಗೆದು ಕ್ಷೇಮ ಕೇಳಿದಳು.

“ಏ, ನಮ್ಮ ಭಾಷಾ ಕೆಡಸಬ್ಯಾಡ. ಕನ್ನಡದಾಗ ಹೇಳು” ಅಂದಳು ಅಜ್ಜಿ, ನನಗಿಂತ ಚೊಕ್ಕ ಸಿಂಧನೂರು ಕನ್ನಡದಲ್ಲಿ. ಆಮೇಲೆ ಎಲ್ಲವೂ ಕನ್ನಡದಲ್ಲೇ ನಡೆಯಿತು. ಬಣ್ಣ ಸರಿ ಇಲ್ಲ, ಹೋದ ಸಲದ್ದು ಬೇಗ ಮಾಸಿತು, ನೀನು ದುಬಾರಿ ಆಗೀದಿ.

ಕಡೆಗೆ ಅಮ್ಮಿ ಅಜ್ಜಿಯ ಕೈ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬಳೆ ಗಿಣ್ಣಿನವರೆಗೆ ಬಂದು ನಿಂತಿತು. ವಯಸ್ಸಾದ ಕೈ, ಎಲುಬು ದಪ್ಪ. ಅಜ್ಜಿ ಹಲ್ಲು ಕಚ್ಚಿ ಕೈ ಬಿಗಿ ಮಾಡಿದಳು. ಆಗ ಅಮ್ಮಿ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, “ಹಾತ್ ನರೊಮ್ ಕೊರೊ ದಿದಿ, ಆಸ್ತೆ, ಆಸ್ತೆ” ಎಂದು ಬಂಗಾಳಿಯಲ್ಲೇ ಅಂದಳು, ಕೈ ಮೆತ್ತಗೆ ಬಿಡು, ನಿಧಾನ ಅಂತ. ಈ ಸಲ ಅಜ್ಜಿ ಬೈಯಲಿಲ್ಲ. ಅವಳ ಬೆರಳುಗಳು ಒಂದರ ಹಿಂದೆ ಒಂದು ಸಡಿಲಾದವು. ಬಳೆ ಸರಕ್ಕನೆ ಒಳಗೆ ಹೋಯಿತು.

ನಾನು ಚೀಲ ಅಲ್ಲೇ ಇಟ್ಟು ನೋಟಬುಕ್ ತಿರುವಿದೆ. ಗೊರೇಬಾಳದ ಪುಟದ ಅಂಚಿನಲ್ಲಿ ಗಡಿಬಿಡಿಯಲ್ಲಿ ಗೀಚಿದ್ದ ಒಂದು ತೆಲುಗು ಸಾಲು ಸಿಕ್ಕಿತು: ‘ಚೆಯ್ಯಿ ವದುಲುಗಾ ಪೆಟ್ಟಮ್ಮಾ.’ ಅದೂ ಬಳೆ ಗಿಣ್ಣಿಗೆ ತಡೆದಾಗಲೇ ಆಡಿದ್ದು. ಮಸ್ಕಿಯ ನಮ್ಮ ಓಣಿಯಲ್ಲಿ ‘ಹಾತ್ ಢೀಲಾ ಛೋಡೋ.’ ಪಾಮನಕಲ್ಲೂರಿನಲ್ಲಿ ಅದೇ ಮಾತು, ‘ಕೈ ಸಡ್ಲ ಬಿಡವಾ.’ ಇಷ್ಟು ದಿನ ನಾನು ಬಾಯಿ ನೋಡುತ್ತಿದ್ದೆ, ಕೈ ನೋಡಿರಲೇ ಇಲ್ಲ.

ವಾಪಸು ಬರುವಾಗ ಆಟೋದಲ್ಲಿ ಕೇಳಿದೆ, “ಅಮ್ಮಿ, ಕೈ ಹಿಡದಾಗ ಮಾತ್ರ ಅವರ ಭಾಷಾ ಯಾಕ ಮಾತಾಡ್ತಿ?”

ಅಮ್ಮಿ ಇದೂ ಒಂದು ಪ್ರಶ್ನೆಯೇ ಅನ್ನುವಂತೆ ನೋಡಿದಳು. “ನೋವಾದಾಗ ಮಂದಿಗೆ ತಮ್ಮವ್ವನ ಮಾತು ಕೇಳಬೇಕನಸ್ತದ. ಆ ಮಾತು ಕೇಳಿದ್ರ ಕೈ ಮೆತ್ತಗಾಗ್ತದ. ಇಲ್ಲಂದ್ರ ಬಳಿ ಒಡೀತದ, ಲುಕ್ಸಾನು ನನಗ. ಇಷ್ಟು ತಿಳಿಯಾಕ ನಿಮಗ ಎಂ.ಎ. ಬೇಕಾತೇನು?”

ಬೇಕಾಗಿತ್ತು. ಇಪ್ಪತ್ತೆರಡು ವರ್ಷ ಅದೇ ಮನೆಯಲ್ಲಿದ್ದು ನಾನದನ್ನು ಒಮ್ಮೆಯೂ ಕೇಳಿರಲಿಲ್ಲ. ಆ ಆಟೋದಲ್ಲಿ ನನಗೆ ಖುಷಿಯ ಜೊತೆ ಸ್ವಲ್ಪ ನಾಚಿಕೆಯೂ ಆಯಿತು.

ಪುರಾವೆ ಸಿಕ್ಕಿತು, ಪ್ರಬಂಧ ಬರೆಯುವುದು ಸಲೀಸು ಅಂದುಕೊಂಡೆ. ಬರೆದೆ. ‘ಪ್ರಸ್ತುತ ಅಧ್ಯಯನದಲ್ಲಿ ಬಳೆ ವ್ಯಾಪಾರದ ಭಾಷಿಕ ಆಯಾಮಗಳನ್ನು ಅವಲೋಕಿಸಲಾಗಿದೆ.’ ಮೇಡಮ್ ಬಸ್ಸಿನಲ್ಲಿ ಪೆನ್ಸಿಲ್ ತೆಗೆದು, “ಅವಲೋಕಿಸಲಾಗಿದೆ! ಯಾರು ಅವಲೋಕಿಸ್ಯಾರ? ನೀನೋ, ಪಕ್ಕದ ಮನಿಯಾಕೀನೋ?” ಎಂದು ಹೊಡೆದು ಹಾಕಿದರು. ಹಾಗೆ ಶುರುವಾದದ್ದು ದಿನಕ್ಕೊಂದು ಪ್ಯಾರಾ. ಸಿಂಧನೂರಿನಲ್ಲಿ ಬಸ್ಸು ಹತ್ತಿದ ಕೂಡಲೇ ಹಾಳೆ ಕೊಡಬೇಕು, ಮಸ್ಕಿಯಲ್ಲಿ ನಾನು ಇಳಿಯುವುದರೊಳಗೆ ಜಗಳ ಮುಗಿಯಬೇಕು. ಒಂದು ಪ್ಯಾರಾದಲ್ಲಿ ಒಂದೇ ಮಾತು. ಆ ಮಾತು ಹೇಳಿದ ಮೇಲೆ ಅದಕ್ಕೆ ಸಾಕ್ಷಿ. ಸಾಕ್ಷಿ ಹೇಳಿದ ಮೇಲೆ ಸುಮ್ಮನಾಗಬೇಕು. ಈ ಸುಮ್ಮನಾಗುವುದೇ ನನಗೆ ಬರುತ್ತಿರಲಿಲ್ಲ.

ಆ ಬಸ್ಸಿನ ಕಂಡಕ್ಟರ್ ನಡುವಯಸ್ಸಿನವರು, ಮೀಸೆ ತಿರುವಿ ಬಿಟ್ಟಿದ್ದರು. ಮೇಡಮ್ ಜೋರಾಗಿ ಓದುತ್ತಿದ್ದರಿಂದ ಪ್ರಬಂಧ ಅವರಿಗೂ ಬಾಯಿಪಾಠವಾಗಿತ್ತು. ಒಂದು ಸಂಜೆ ಟಿಕೆಟ್ ಹರಿಯುತ್ತಾ ನಿಂತು, “ಮೇಡಮ್ಮೋರೆ, ಒಂದು ಮಾತು ಹೇಳ್ಲೇನ್ರೀ? ಇದು ಸೋಮವಾರನ ಹೇಳಿದ್ಲರೀ ಹುಡುಗಿ. ಮತ್ತ ಅದನ್ನ ಸುತ್ತಿ ಬಳಸಿ ಹೇಳಾಕತ್ಯಾಳ” ಅಂದರು.

ಮೇಡಮ್ ಹಿಂದಿನ ಹಾಳೆ ತೆಗೆದು ನೋಡಿದರು. ಕಂಡಕ್ಟರ್ ಹೇಳಿದ್ದು ಬರೋಬ್ಬರಿ ಇತ್ತು. ಎರಡು ಪುಟ ಅಲ್ಲೇ ಹೋಯಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮಸ್ಕಿಯಲ್ಲಿ ಕಂಡಕ್ಟರ್ ಕಡೆ ನೋಡದೆ ಇಳಿದೆ. ಮನೆಗೆ ಬಂದು ಓದಿದರೆ ಪ್ರಬಂಧ ಮೊದಲಿಗಿಂತ ಹಗುರಾಗಿತ್ತು. ಮಾರನೇ ದಿನ ಕಂಡಕ್ಟರಿಗೆ ಒಂದು ಹಿಡಿ ಹುರಿದ ಶೇಂಗಾ ಕೊಟ್ಟೆ.

ಇನ್ನೇನು ಮುಗಿಯಿತು ಅನ್ನುವಾಗ ಅಮ್ಮಿಯ ತಕರಾರು ಬಂತು. ಮಾಹಿತಿ ಕೊಟ್ಟವರ ವಿವರ ಕೊನೆಯಲ್ಲಿ ಬರೆಯಬೇಕಿತ್ತು. ‘ಬಳೆ ವ್ಯಾಪಾರಿ, ಮಹಿಳೆ, ವಯಸ್ಸು ಐವತ್ತೆರಡು’ ಎಂದು ಬರೆದು ಅವಳಿಗೆ ಓದಿ ಹೇಳಿದೆ.

“ಐವತ್ತೆರಡಾ? ಯಾರು ಹೇಳಿದ್ರು?”

“ಆಧಾರ್ ಕಾರ್ಡಿನಾಗ ಐತಲ್ಲ ಅಮ್ಮಿ.”

“ಅದು ಸಾಲ್ಯಾಗ ಮಾಸ್ತರು ನನ್ನ ಹಲ್ಲು ನೋಡಿ ಅಂದಾಜಿಲೆ ಬರದಿದ್ದು. ನಿಮ್ಮ ನಾನಿ ಹೇಳತಿದ್ಲು, ನಾ ಹುಟ್ಟಿದ್ದು ನಮ್ಮೂರಿಗೆ ಕಾಲುವಿ ನೀರು ಬಂದ ಮ್ಯಾಲ. ಲೆಕ್ಕ ಹಾಕಿದ್ರ ಐವತ್ತೂ ತುಂಬಿಲ್ಲ. ತಗದು ಹಾಕು.”

ಮೇಡಮ್ಮಿಗೆ ಕೇಳಿದರೆ, “ಆಕೀ ನಿನಗಿಂತ ಛಲೋ ಸಂಶೋಧಕಿ ಅದಾಳ. ಕಾಗದದಾಗ ಇದ್ದದ್ದೆಲ್ಲ ಖರೆ ಅಲ್ಲ” ಎಂದು ನಕ್ಕರು. ‘ವಯಸ್ಸು ಐವತ್ತರ ಆಸುಪಾಸು, ದಾಖಲೆಯ ಬಗ್ಗೆ ಮಾಹಿತಿದಾರರ ಆಕ್ಷೇಪವಿದೆ’ ಎಂದು ಅಡಿಟಿಪ್ಪಣಿ ಹಾಕಿದೆ. ಇಡೀ ಪ್ರಬಂಧದಲ್ಲಿ ಅಮ್ಮಿಗೆ ಹಿಡಿಸಿದ ವಾಕ್ಯ ಅದೊಂದೇ.

ವರ್ಷದ ಕೊನೆಗೆ ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ವಿಚಾರ ಸಂಕಿರಣ ಇತ್ತು. ಅಮ್ಮಿ ತಾನೂ ಬರುತ್ತೇನೆಂದು ಹಟ ಹಿಡಿದಳು, ಬಂದಳು, ಬಳೆ ಚೀಲದ ಸಮೇತ ಕೊನೇ ಸಾಲಿನಲ್ಲಿ ಕೂತಳು. ನಾನು ಓದಿದೆ. ಕ್ಯಾಂಪಿನ ಅಜ್ಜಿಯ ಕೈ ಸಡಿಲಾದ ಜಾಗಕ್ಕೆ ಬಂದಾಗ ಸಭೆ ಸದ್ದಿಲ್ಲದೆ ಕೇಳುತ್ತಿದೆ ಅನ್ನುವುದು ಗೊತ್ತಾಯಿತು. ಮುಗಿದ ಮೇಲೆ ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರಾಧ್ಯಾಪಕರು ಕನ್ನಡಕ ಒರೆಸಿಕೊಂಡು ಕೇಳಿದರು: “ಚೆನ್ನಾಗಿದೆಯಮ್ಮ. ಆದರೆ ಎಲ್ಲ ಕಡೆಯೂ ಹೀಗೇ ಎಂದು ನೀನು ಹೇಗೆ ಹೇಳುತ್ತೀ?”

ನಾನು ಬಾಯಿ ತೆರೆಯುವುದರೊಳಗೆ ಕೊನೇ ಸಾಲಿನಲ್ಲಿ ಬಳೆ ಸದ್ದಾಯಿತು. ಅಮ್ಮಿ ಎದ್ದು ನಿಂತಿದ್ದಳು.

“ಎಲ್ಲಾ ಕಡಿ ಹಂಗಿಲ್ರೀ ಸಾಹೇಬ್ರ. ಇದ ಲಿಂಗಸುಗೂರಾಗ ಒಬ್ಬಾಕಿ ಅದಾಳ್ರೀ. ಆಕೀ ಕೂಡ ಯಾವ ಭಾಷಾ ಮಾತಾಡಿದ್ರೂ ಕೈ ಸಡ್ಲ ಬಿಡಂಗಿಲ್ಲ. ಆಕೀಗೆ ಸಾಬೂನು ಹಚ್ಚಬೇಕ್ರೀ.”

ಸಭೆ ಎದ್ದುಬಿದ್ದು ನಕ್ಕಿತು. ನನ್ನ ಸ್ವಂತ ತಾಯಿಯೇ ನನ್ನ ವಾದ ಒಡೆದು ಕೂತಿದ್ದಳು, ಅದೂ ಹೆಮ್ಮೆಯಿಂದ. ಮೇಡಮ್ ಕಡೆ ನೋಡಿದೆ. ಅವರು ಸಹಾಯಕ್ಕೆ ಬರಲಿಲ್ಲ, ತುರುಬಿನ ಪೆನ್ಸಿಲ್ ತೆಗೆದು ಬರೆಯಲು ಸಿದ್ಧವಾದವರಂತೆ ಕೂತರು. ಒಂದು ಗುಟುಕು ನೀರು ಕುಡಿದು ಹೇಳಿದೆ: “ಸರ್, ನಾನು ನೋಡಿದ್ದು ಒಬ್ಬಳೇ ಬಳೆಗಾರ್ತಿಯನ್ನ, ಕೆಲವೇ ಊರುಗಳಲ್ಲಿ. ಅಲ್ಲಿ ನೋಡಿದ್ದನ್ನಷ್ಟೇ ಹೇಳಬಲ್ಲೆ. ಎಲ್ಲ ಕಡೆ ಹೀಗೇ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸಾಬೂನಿನ ವಿಷಯ ನನಗೂ ಈಗಲೇ ತಿಳಿದದ್ದು. ಅದನ್ನೂ ಸೇರಿಸುತ್ತೇನೆ.”

‘ನನಗೆ ಗೊತ್ತಿಲ್ಲ’ ಎಂದು ಮೈಕಿನ ಮುಂದೆ ಹೇಳಿದರೆ ಮಾನ ಹೋಗುತ್ತದೆ ಅಂದುಕೊಂಡಿದ್ದೆ. ಹಿರಿಯರು ತಲೆಯಾಡಿಸಿ, “ಇದು ಸರಿ” ಅಂದರು. ಬಹುಮಾನ ಮಾತ್ರ ಬೇರೆಯವನಿಗೆ ಹೋಯಿತು. ಅವನ ಪ್ರಬಂಧ ಅನಾದಿ ಕಾಲದಿಂದ ಶುರುವಾಗಿತ್ತು. ಅಮ್ಮಿಗೆ ಅದೇನೂ ಬೇಸರವಾಗಲಿಲ್ಲ. ಊಟದ ಬಿಡುವಿನಲ್ಲಿ ಆ ಕಾಲೇಜಿನ ಹುಡುಗಿಯರಿಗೆ ಚೀಲದಲ್ಲಿದ್ದ ಬಳೆಯನ್ನೆಲ್ಲ ಇಡಿಸಿ ಮುಗಿಸಿದ್ದಳು.

ನನ್ನ ಪ್ರಬಂಧ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ‘ಬಳೆ ಮಾರುವವಳ ಭಾಷೆ’ ಎಂಬ ಶೀರ್ಷಿಕೆ ‘ಬೆಳೆ ಮಾರುವವಳ ಭಾಷೆ’ ಎಂದು ದೊಡ್ಡ ಅಕ್ಷರದಲ್ಲಿ ಬಿದ್ದಿತ್ತು. ಒಂದು ಸಣ್ಣ ಎತ್ವ ನನ್ನ ಒಂದು ವರ್ಷದ ಕೆಲಸವನ್ನು ಕೃಷಿ ಇಲಾಖೆಗೆ ವರ್ಗ ಮಾಡಿತ್ತು. ಸಂಚಿಕೆ ಹಿಡಿದು ಅಳುವುದೋ ನಗುವುದೋ ತಿಳಿಯದೆ ಎರಡು ದಿನ ಯಾರಿಗೂ ತೋರಿಸಲಿಲ್ಲ.

ಮೂರನೇ ದಿನ ಒಂದು ಫೋನು ಬಂತು. ಮಾತಾಡಿದವರು ಪಾಮನಕಲ್ಲೂರು ಕಡೆಯ ಒಬ್ಬ ರೈತರು. ಅವರ ಮಗಳು ನಮ್ಮ ಕಾಲೇಜಿನಲ್ಲಿ ನನಗಿಂತ ಕೆಳಗಿನ ತರಗತಿ, ನನ್ನ ನಂಬರು ಅವಳೇ ಕೊಟ್ಟಿದ್ದಳು.

“ಏನವಾ ತಂಗಿ, ತೊಗರಿ ಬಗ್ಗೆ ಏನರ ಬರದಿರಬೇಕಂತ ಓದಾಕ ಹಿಡದೆ. ಒಂದು ಕಾಳೂ ಇಲ್ಲಲ್ಲ ಅದರಾಗ!”

“ತಪ್ಪಾಗಿ ಅಚ್ಚಾಗೇತ್ರೀ ಕಾಕಾ, ಅದು ಬಳೆ.”

“ಅದು ಎರಡನೇ ಸಾಲಿಗೇ ಗೊತ್ತಾತು ಬಿಡು. ಹಂಗಾದ್ರೂ ಬಿಡಾಕ ಆಗಲಿಲ್ಲ, ಕಡೀತನಕ ಓದಿದೆ.” ಆಮೇಲೆ ದನಿ ಗಟ್ಟಿ ಮಾಡಿದರು. “ಆದ್ರ ನಾಕನೇ ಪುಟದಾಗ ನಮ್ಮ ಕಡಿ ಹೆಣ್ಮಕ್ಕಳು ತಮ್ಮ ಮಾತು ಕೇಳಿದ ಕೂಡ್ಲೆ ಕೈ ಸಡ್ಲ ಬಿಡ್ತಾರಂತ ನೀ ಬರದಿದ್ದು ನಾ ಒಪ್ಪಂಗಿಲ್ಲ. ನಮ್ಮವ್ವ ಹಂಗ ಇರಲಿಲ್ಲ. ಹೇಳ್ಲೇನು?”

“ಒಂದು ನಿಮಿಷ ತಡೀರಿ ಕಾಕಾ” ಅಂದು ಪೆನ್ನು ಹುಡುಕಲು ಓಡಿದೆ.